ಸಿ ಡ್ರೈವ್ ಕೆಂಪಾಗಿದೆಯಾ? ಅಳಿಸುವ ಮೊದಲು ಅಳೆಯಿರಿ

ಪ್ರಶ್ನೆ: ಜಮಖಂಡಿಯಲ್ಲಿ ನಮ್ಮದೊಂದು ಸಣ್ಣ ಝೆರಾಕ್ಸ್ ಮತ್ತು ಡಿಟಿಪಿ ಅಂಗಡಿ ಇದೆ. ಲಗ್ನಪತ್ರಿಕೆ, ಫ್ಲೆಕ್ಸ್ ಡಿಸೈನ್, ಪಾಸ್‌ಪೋರ್ಟ್ ಫೋಟೋ, ಸ್ಕಾಲರ್‌ಶಿಪ್ ಅರ್ಜಿ, ಬೆಳೆ ವಿಮೆ, ಉತಾರ ತೆಗೆಯುವುದು, ಎಲ್ಲಾ ಒಂದೇ ಕಂಪ್ಯೂಟರಿನಲ್ಲಿ. ವಿಂಡೋಸ್ 11 ಇದೆ, 8 ಜಿಬಿ ರ‍್ಯಾಮ್. ಸಿ ಡ್ರೈವ್ 128 ಜಿಬಿ ಎಸ್‌ಎಸ್‌ಡಿ, ಅದರಲ್ಲಿ ಈಗ 2 ಜಿಬಿ ಮಾತ್ರ ಉಳಿದಿದೆ. 1 ಟಿಬಿ ಹಾರ್ಡ್ ಡಿಸ್ಕ್ ಬೇರೆ ಇದೆ, ಅದು ಡಿ ಡ್ರೈವ್. ಅಲ್ಲಿ 600 ಜಿಬಿ ಖಾಲಿ ಬಿದ್ದಿದೆ. ಫೋಟೋಶಾಪ್ ಆಗಾಗ ‘ಸ್ಕ್ರ್ಯಾಚ್ ಡಿಸ್ಕ್ ಫುಲ್’ ಅಂತ ನಿಂತುಬಿಡುತ್ತದೆ. ವಿಡಿಯೋ ನೋಡಿ ಒಂದು ಕ್ಲೀನರ್ ಹಾಕಿದೆ. 6 ಜಿಬಿ ಖಾಲಿ ಆಯಿತು, ಎರಡೇ ದಿನಕ್ಕೆ ಮತ್ತೆ ತುಂಬಿತು. ಗೆಳೆಯರು ಫಾರ್ಮ್ಯಾಟ್ ಹೊಡೆದುಬಿಡು ಅಂತಾರೆ. ಏನು ಮಾಡ್ಲಿ? ಇನ್ನೊಂದು, 128 ಅಂತ ಮಾರಿದ್ದು ಕಂಪ್ಯೂಟರಿನಲ್ಲಿ 119 ಅಂತ ತೋರಿಸ್ತದಲ್ರಿ, ಇದು ಮೋಸ ಅಲ್ವಾ?

ಉತ್ತರ: ಮೋಸ ಅಲ್ಲ, ಅದನ್ನು ಮೊದಲೇ ಮುಗಿಸಿಬಿಡೋಣ. ಡಿಸ್ಕ್ ಮಾಡುವ ಕಂಪನಿ 1 ಜಿಬಿ ಎಂದರೆ ನೂರು ಕೋಟಿ ಬೈಟ್ ಎಂದು ಲೆಕ್ಕ ಹಾಕುತ್ತದೆ. ವಿಂಡೋಸ್ 1024ರ ಲೆಕ್ಕ ಹಿಡಿಯುತ್ತದೆ. ಅದರ ಪ್ರಕಾರ 1 ಜಿಬಿ ಎಂದರೆ 107 ಕೋಟಿ ಬೈಟ್‌ಗಿಂತ ಜಾಸ್ತಿ. ಹಾಗಾಗಿ 128 ಇದ್ದದ್ದು 119 ಆಗುತ್ತದೆ, ನಿಮ್ಮ 1 ಟಿಬಿ 931 ಆಗುತ್ತದೆ. ಒಂದು ಬೈಟ್ ಕೂಡ ಕಳೆದಿಲ್ಲ.

ಇನ್ನು ಫಾರ್ಮ್ಯಾಟ್ ವಿಷಯ. ಈಗಲೇ ಬೇಡ. ಫಾರ್ಮ್ಯಾಟ್ ಹೊಡೆದರೆ ಒಂದು ವಾರ ಮಷೀನ್ ಹಗುರವಾಗಿ ಓಡುತ್ತದೆ, ನಿಜ. ಆದರೆ ಕೋರೆಲ್‌ಡ್ರಾ, ಫೋಟೋಶಾಪ್, ಪ್ರಿಂಟರ್ ಡ್ರೈವರ್, ಫಿಂಗರ್‌ಪ್ರಿಂಟ್ ಸಾಧನದ ಸಾಫ್ಟ್‌ವೇರ್, ನುಡಿ, ಶ್ರೀಲಿಪಿ, ಎಲ್ಲವನ್ನೂ ಹೊಸದಾಗಿ ಹಾಕಬೇಕು. ಅಂಗಡಿ ಎರಡು ದಿನ ಬಂದ್. ಮತ್ತು ಡ್ರೈವ್ ತುಂಬಿಸಿದ್ದು ಯಾವುದು ಅಂತ ಗೊತ್ತಿಲ್ಲದಿದ್ದರೆ ನಾಲ್ಕು ತಿಂಗಳಲ್ಲಿ ಮತ್ತೆ ಇದೇ ಪ್ರಶ್ನೆ.

ನಿಮ್ಮ ಪತ್ರದಲ್ಲೇ ಒಂದು ಸುಳಿವು ಇದೆ. 6 ಜಿಬಿ ಖಾಲಿ ಮಾಡಿದ್ದು ಎರಡು ದಿನಕ್ಕೆ ತುಂಬಿತು ಅಂದಿರಿ. ಅಂದರೆ ಹಳೆಯ ಕಸ ಬಿದ್ದಿರುವುದಷ್ಟೇ ಅಲ್ಲ, ಯಾವುದೋ ಪ್ರೋಗ್ರಾಂ ದಿನಾ ಸಿ ಡ್ರೈವ್‌ಗೆ ಸುರಿಯುತ್ತಿದೆ. ಕ್ಲೀನರ್‌ಗಳು ಸಾಮಾನ್ಯವಾಗಿ ತೆಗೆಯುವುದು ಬ್ರೌಸರ್ ಕ್ಯಾಶ್, ಫೋಟೋಗಳ ಥಂಬ್‌ನೇಲ್, ಒಂದಷ್ಟು ತಾತ್ಕಾಲಿಕ ಫೈಲ್. ಇವು ಕೆಲಸ ಶುರುವಾದ ಕೂಡಲೇ ಮತ್ತೆ ಹುಟ್ಟುತ್ತವೆ. ಅವನ್ನು ದಿನಾ ಅಳಿಸಿದರೆ ಬ್ರೌಸರ್ ನಿಧಾನ ಆಗುತ್ತದೆ ಅಷ್ಟೇ. ಈ ಕೆಲಸಕ್ಕೆ ಬೇಕಾದದ್ದೆಲ್ಲ ವಿಂಡೋಸ್‌ನಲ್ಲೇ ಇದೆ, ಹೊರಗಿನ ಕ್ಲೀನರ್ ತೆಗೆದುಬಿಡಿ. ಹೆಸರಾಂತ ಸಿಕ್ಲೀನರ್‌ನ 5.33ನೇ ಆವೃತ್ತಿಯಲ್ಲೇ 2017ರಲ್ಲಿ ಕಳ್ಳರು ತಮ್ಮ ಕೋಡ್ ಸೇರಿಸಿದ್ದರು, ಅದು 20 ಲಕ್ಷಕ್ಕೂ ಹೆಚ್ಚು ಕಂಪ್ಯೂಟರ್‌ಗಳಿಗೆ ಹೋಗಿತ್ತು. ಜನರ ಆಧಾರ್, ಬ್ಯಾಂಕ್ ಪಾಸ್‌ಬುಕ್ ಬಂದುಹೋಗುವ ಮಷೀನ್ ನಿಮ್ಮದು. ಅದರಲ್ಲಿ ಗೊತ್ತಿಲ್ಲದ ಸಾಫ್ಟ್‌ವೇರ್ ಎಷ್ಟು ಕಡಿಮೆ ಇದ್ದರೆ ಅಷ್ಟು ಒಳ್ಳೆಯದು.

ಮೊದಲು ಏನನ್ನೂ ಅಳಿಸದೆ ಸುಮ್ನೆ ನೋಡಿ. ಸೆಟ್ಟಿಂಗ್ಸ್ ತೆರೆದು ಸಿಸ್ಟಮ್, ಅದರೊಳಗೆ ಸ್ಟೋರೇಜ್‌ಗೆ ಹೋಗಿ. ಒಂದು ನಿಮಿಷ ಬಿಟ್ಟರೆ ಯಾವ ಬಗೆಯ ಫೈಲು ಎಷ್ಟು ಜಾಗ ಹಿಡಿದಿದೆ ಎಂದು ಪಟ್ಟಿ ಬರುತ್ತದೆ. ಇದು ಮೇಲ್ನೋಟಕ್ಕೆ ಸಾಕು, ಆದರೆ ಯಾವ ಫೋಲ್ಡರ್ ಅಂತ ಪೂರ್ತಿ ಹೇಳುವುದಿಲ್ಲ. ಅದಕ್ಕೆ ವಿನ್‌ಡರ್‌ಸ್ಟ್ಯಾಟ್ ಎಂಬ ಉಚಿತ ಸಾಫ್ಟ್‌ವೇರ್ ಇದೆ. ಇದು ಓಪನ್ ಸೋರ್ಸ್. ವಿಜ್‌ಟ್ರೀ ಎಂಬುದು ಇದಕ್ಕಿಂತ ಚುರುಕು, ಆದರೆ ಅದು ಉಚಿತ ಇರುವುದು ಮನೆ ಬಳಕೆಗೆ. ಅಂಗಡಿಗೆ ಲೈಸೆನ್ಸ್ ಬೇಕು. ವಿನ್‌ಡರ್‌ಸ್ಟ್ಯಾಟ್ ಮೇಲೆ ಬಲ ಕ್ಲಿಕ್ ಮಾಡಿ ‘ರನ್ ಆ್ಯಸ್ ಅಡ್ಮಿನಿಸ್ಟ್ರೇಟರ್’ ಕೊಟ್ಟು ತೆರೆಯಿರಿ, ಸಿ ಡ್ರೈವ್ ಆರಿಸಿ. ದೊಡ್ಡ ಫೋಲ್ಡರ್‌ಗಳು ಮೇಲೆ ಬರುತ್ತವೆ. ಮೊದಲ ಹತ್ತು ಹೆಸರು ಒಂದು ಹಾಳೆಯಲ್ಲಿ ಬರೆದುಕೊಳ್ಳಿ. ಮಾರನೇ ದಿನ ಅಂಗಡಿ ಮುಚ್ಚುವಾಗ ಮತ್ತೊಮ್ಮೆ ನೋಡಿ. ಒಂದೇ ದಿನದಲ್ಲಿ ಯಾವುದು ಬೆಳೆದಿದೆಯೋ ಅದೇ ನಿಮ್ಮ ಕಳ್ಳ.

ಮಷೀನ್ ನೋಡದೆ ಹೇಳುವುದಾದರೂ, ನನ್ನ ಮೊದಲ ಅನುಮಾನ ಫೋಟೋಶಾಪ್ ಮೇಲೆ. ಯಾಕೆ ಅಂತ ಸ್ವಲ್ಪ ವಿವರವಾಗಿ ಹೇಳುತ್ತೇನೆ, ಏಕೆಂದರೆ ಡಿಸೈನ್ ಕೆಲಸ ಮಾಡುವ ಅಂಗಡಿಗಳಲ್ಲಿ ಇದು ತುಂಬಾ ಸಾಮಾನ್ಯ.

ರ‍್ಯಾಮ್ ಸಾಲದೇ ಹೋದಾಗ ಫೋಟೋಶಾಪ್ ಡಿಸ್ಕ್ ಮೇಲೆ ದೊಡ್ಡದೊಂದು ತಾತ್ಕಾಲಿಕ ಫೈಲ್ ಮಾಡಿಕೊಳ್ಳುತ್ತದೆ. ಇದೇ ಸ್ಕ್ರ್ಯಾಚ್ ಫೈಲ್. ನೀವು ಬೇರೆ ಹೇಳದಿದ್ದರೆ ಅದನ್ನು ಸಿ ಡ್ರೈವ್‌ನಲ್ಲೇ ಮಾಡುತ್ತದೆ. ಪ್ರೋಗ್ರಾಂ ಸರಿಯಾಗಿ ಮುಚ್ಚಿದರೆ ಆ ಫೈಲ್ ತಾನೇ ಹೋಗುತ್ತದೆ. ಆದರೆ ಕೆಲಸದ ನಡುವೆ ಕರೆಂಟ್ ಹೋಯಿತು, ಯುಪಿಎಸ್ ಬ್ಯಾಟರಿ ಸತ್ತಿತ್ತು, ಮಷೀನ್ ಧಡಕ್ಕನೆ ಆಫ್ ಆಯಿತು ಅಂದುಕೊಳ್ಳಿ. ಆಗ ಸ್ಕ್ರ್ಯಾಚ್ ಫೈಲ್ ಅಲ್ಲೇ ಉಳಿದುಬಿಡುತ್ತದೆ. ಒಂದೊಂದು ಎರಡು ಜಿಬಿ, ಐದು ಜಿಬಿ ಇರಬಹುದು. ಬೇಸಿಗೆಯಲ್ಲಿ ನಮ್ಮ ಕಡೆ ಕರೆಂಟ್ ಎಷ್ಟು ಸಲ ಹೋಗುತ್ತದೆ ಅಂತ ನಿಮಗೆ ನಾನು ಹೇಳಬೇಕಾಗಿಲ್ಲ.

ಇವನ್ನು ಹುಡುಕಲು ಫೋಟೋಶಾಪ್ ಪೂರ್ತಿ ಮುಚ್ಚಿ. ಕೀಬೋರ್ಡಿನಲ್ಲಿ ವಿಂಡೋಸ್ ಕೀ ಹಿಡಿದು ಆರ್ ಒತ್ತಿ. ಬರುವ ಪೆಟ್ಟಿಗೆಯಲ್ಲಿ ಇಂಗ್ಲಿಷಿನಲ್ಲಿ ‘ಟೆಂಪ್’ ಎಂದು ಟೈಪ್ ಮಾಡಿ, ಅದರ ಹಿಂದೆ ಮುಂದೆ ಒಂದೊಂದು ಪರ್ಸೆಂಟ್ ಚಿಹ್ನೆ ಹಾಕಿ, ಎಂಟರ್ ಕೊಡಿ. ತೆರೆದ ಫೋಲ್ಡರ್‌ನಲ್ಲಿ ‘ಫೋಟೋಶಾಪ್ ಟೆಂಪ್’ ಎಂದು ಶುರುವಾಗಿ ಮುಂದೆ ಅಂಕಿಗಳಿರುವ ಫೈಲುಗಳು ಇದ್ದರೆ ಧೈರ್ಯವಾಗಿ ಅಳಿಸಿ. ಡ್ರೈವ್‌ನ ಬುಡದಲ್ಲೂ, ಅಂದರೆ ಸಿ ತೆರೆದ ಕೂಡಲೇ ಕಾಣುವ ಜಾಗದಲ್ಲೂ, ಒಮ್ಮೆ ನೋಡಿ. ಈ ಟೆಂಪ್ ಫೋಲ್ಡರ್‌ನಲ್ಲಿ ಇರುವ ಉಳಿದದ್ದನ್ನೂ ಅಳಿಸಬಹುದು. ಯಾವುದಾದರೂ ಫೈಲ್ ಬಳಕೆಯಲ್ಲಿದ್ದರೆ ವಿಂಡೋಸ್ ಬಿಡುವುದಿಲ್ಲ, ಆಗ ‘ಸ್ಕಿಪ್’ ಒತ್ತಿ ಮುಂದೆ ಹೋಗಿ.

ಆಮೇಲೆ ಮತ್ತೆ ತುಂಬದ ಹಾಗೆ ಮಾಡಬೇಕು. ಫೋಟೋಶಾಪ್‌ನಲ್ಲಿ ಎಡಿಟ್, ಪ್ರಿಫರೆನ್ಸಸ್, ಸ್ಕ್ರ್ಯಾಚ್ ಡಿಸ್ಕ್ಸ್. ಅಲ್ಲಿ ಡಿ ಡ್ರೈವ್‌ಗೆ ಟಿಕ್ ಹಾಕಿ, ಸಿ ಮುಂದಿನ ಟಿಕ್ ತೆಗೆಯಿರಿ. ಹಾರ್ಡ್ ಡಿಸ್ಕ್ ಎಸ್‌ಎಸ್‌ಡಿಗಿಂತ ನಿಧಾನ, ಹಾಗಾಗಿ ದೊಡ್ಡ ಫೈಲಿನಲ್ಲಿ ಕೆಲಸ ಸ್ವಲ್ಪ ಎಳೆದಂತೆ ಅನಿಸುತ್ತದೆ. ಆದರೂ ನಿಂತುಬಿಡುವುದಕ್ಕಿಂತ ಎಳೆಯುವುದು ವಾಸಿ. ಅದೇ ಪ್ರಿಫರೆನ್ಸಸ್‌ನ ಪರ್ಫಾರ್ಮೆನ್ಸ್ ಪುಟದಲ್ಲಿ ‘ಹಿಸ್ಟರಿ ಸ್ಟೇಟ್ಸ್’ 50 ಇರುತ್ತದೆ. ಅಷ್ಟು ಹೆಜ್ಜೆ ಹಿಂದೆ ಹೋಗುವವರು ಯಾರು? 20ಕ್ಕೆ ಇಳಿಸಿ, ಸ್ಕ್ರ್ಯಾಚ್ ಹೊರೆ ಇಳಿಯುತ್ತದೆ.

ಇದಕ್ಕಿಂತ ದೊಡ್ಡ ಉಳಿತಾಯ ಫ್ಲೆಕ್ಸ್ ಫೈಲಿನ ಅಳತೆಯಲ್ಲಿದೆ. 8 ಅಡಿ ಅಗಲ 4 ಅಡಿ ಎತ್ತರದ ಬ್ಯಾನರನ್ನು ಪೂರ್ತಿ ಅಳತೆಯಲ್ಲಿ ಇಂಚಿಗೆ 300 ಪಿಕ್ಸೆಲ್ ರೆಸಲ್ಯೂಷನ್ ಇಟ್ಟು ತೆರೆದರೆ 28,800 ಪಿಕ್ಸೆಲ್ ಅಗಲ, 14,400 ಎತ್ತರ ಆಗುತ್ತದೆ. ಸಿಎಂವೈಕೆಯಲ್ಲಿ, ಅಂದರೆ ಪ್ರಿಂಟಿನ ನಾಲ್ಕು ಬಣ್ಣದ ಲೆಕ್ಕದಲ್ಲಿ, ಒಂದೇ ಒಂದು ಲೇಯರ್ ತುಂಬಿದರೆ ಒಂದೂವರೆ ಜಿಬಿಗಿಂತ ಜಾಸ್ತಿ. ಮೇಲೆ ನಾಯಕರ ಫೋಟೋ, ಹಿಂದೆ ಗುಡಿಯ ಫೋಟೋ, ಕೆಳಗೆ ಶುಭ ಕೋರುವವರ ಹತ್ತು ಮುಖ. ಲೇಯರ್ ಎಷ್ಟಾಯಿತು ನೋಡಿ. ಅದೇ ಬ್ಯಾನರನ್ನು 72ರಲ್ಲಿ ಮಾಡಿದರೆ ಒಂದು ಲೇಯರ್ ನೂರು ಎಂಬಿಯೊಳಗೆ ಮುಗಿಯುತ್ತದೆ, ಅಂದರೆ ಹದಿನೇಳು ಪಟ್ಟು ಕಡಿಮೆ. ಫ್ಲೆಕ್ಸನ್ನು ಜನ ರಸ್ತೆಯ ಆ ಕಡೆಯಿಂದ ನೋಡುತ್ತಾರೆ, ಕೈಯಲ್ಲಿ ಹಿಡಿದು ನೋಡುವುದಿಲ್ಲ. 300 ಬೇಕಾದದ್ದು ಲಗ್ನಪತ್ರಿಕೆಗೆ, ಪಾಸ್‌ಪೋರ್ಟ್ ಫೋಟೋಗೆ. ನಿಮ್ಮ ಫ್ಲೆಕ್ಸ್ ಪ್ರಿಂಟ್ ಮಾಡಿಕೊಡುವವರನ್ನು ಒಮ್ಮೆ ಕೇಳಿ, 72 ಸಾಕೋ 100 ಬೇಕೋ ಅವರೇ ಹೇಳುತ್ತಾರೆ. ಸ್ಕ್ರ್ಯಾಚ್ ಡಿಸ್ಕ್ ಫುಲ್ ಎಂಬ ಮಾತು ನಿಮ್ಮಲ್ಲಿ ಬರುತ್ತಿರುವುದಕ್ಕೆ ಇದೇ ಕಾರಣ ಇದ್ದರೂ ಇರಬಹುದು.

ಕೋರೆಲ್‌ಡ್ರಾಗೂ ಒಂದು ಅಭ್ಯಾಸ ಇದೆ. ನೀವು ಸೇವ್ ಮಾಡಿದಾಗ ಹಿಂದಿನ ಪ್ರತಿಯನ್ನು ‘ಬ್ಯಾಕಪ್ ಆಫ್’ ಎಂಬ ಹೆಸರಿನಲ್ಲಿ ಅದೇ ಫೋಲ್ಡರ್‌ನಲ್ಲಿ ಇಡುತ್ತದೆ. ಅಂದರೆ ಪ್ರತಿ ಲಗ್ನಪತ್ರಿಕೆಗೂ ಎರಡು ಫೈಲ್. ಎಕ್ಸ್‌ಪ್ಲೋರರ್‌ನ ಹುಡುಕುವ ಪೆಟ್ಟಿಗೆಯಲ್ಲಿ ಆ ಹೆಸರು ಕೊಟ್ಟರೆ ಎಲ್ಲಾ ಒಂದೇ ಕಡೆ ಸಿಗುತ್ತವೆ. ಡೆಲಿವರಿ ಕೊಟ್ಟು ಮುಗಿದ ಕೆಲಸಗಳದ್ದು ಅಳಿಸಿ. ಈ ತಿಂಗಳಿನದು ಮಾತ್ರ ಬಿಡಿ, ಫೈಲ್ ಕೆಟ್ಟ ದಿನ ಅದೇ ಕಾಪಾಡುತ್ತದೆ. ಆ ಸೌಲಭ್ಯವನ್ನೇ ಬಂದ್ ಮಾಡಿ ಎಂದು ಕೆಲವರು ಹೇಳುತ್ತಾರೆ. ಕರೆಂಟ್ ನಂಬಿಕೆ ಇಲ್ಲದ ಊರಲ್ಲಿ ನಾನಂತೂ ಹಾಗೆ ಹೇಳುವುದಿಲ್ಲ.

ಇನ್ನೊಂದು ಮಾತು ಇಲ್ಲೇ ಹೇಳಿಬಿಡುತ್ತೇನೆ. ಜಾಗ ಉಳಿಸಲು ಫಾಂಟ್ ಅಳಿಸಲು ಹೋಗಬೇಡಿ. ಕನ್ನಡ ಫಾಂಟ್ ಒಂದೊಂದು ಸಾಮಾನ್ಯವಾಗಿ ಒಂದು ಎಂಬಿ ಕೂಡ ಇರುವುದಿಲ್ಲ. ನುಡಿ, ಶ್ರೀಲಿಪಿಯಲ್ಲಿ ಮಾಡಿದ ಹಳೆಯ ಪತ್ರಿಕೆ ತೆರೆದಾಗ ಫಾಂಟ್ ಇಲ್ಲದಿದ್ದರೆ ಅಕ್ಷರಗಳ ಜಾಗದಲ್ಲಿ ಚಿತ್ರವಿಚಿತ್ರ ಗುರುತು ಬರುತ್ತವೆ. ಇನ್ನು ನಿಪ್ಪಾಣಿ, ಚಿಕ್ಕೋಡಿ ಕಡೆ ಕನ್ನಡ ಮರಾಠಿ ಎರಡರಲ್ಲೂ ಪತ್ರಿಕೆ ಮಾಡುವವರ ಗತಿ ಕೇಳಲೇಬೇಡಿ.

ಮುಂದಿನದು ಡೆಸ್ಕ್‌ಟಾಪ್. ತುಂಬಾ ಜನ ಡೆಸ್ಕ್‌ಟಾಪ್ ಎಂದರೆ ಬೇರೆಯೇ ಜಾಗ ಅಂದುಕೊಂಡಿದ್ದಾರೆ. ಅದು ಸಿ ಡ್ರೈವ್‌ನ ಒಂದು ಫೋಲ್ಡರ್. ಡೌನ್‌ಲೋಡ್ಸ್, ಡಾಕ್ಯುಮೆಂಟ್ಸ್, ಪಿಕ್ಚರ್ಸ್, ವಿಡಿಯೋಸ್ ಕೂಡ ಹಾಗೇ. ನಿಮ್ಮ ಡೆಸ್ಕ್‌ಟಾಪ್ ಮೇಲೆ ‘ನ್ಯೂ ಫೋಲ್ಡರ್ 7’, ‘ಅರ್ಜೆಂಟ್’, ‘ಫೈನಲ್’, ‘ಫೈನಲ್ ಕರೆಕ್ಷನ್’ ಎಂದು ಸಾಲು ಹತ್ತಿದ್ದರೆ ಅವೆಲ್ಲ ಆ 119ರಲ್ಲೇ ಕೂತಿವೆ.

ಇವನ್ನು ಡಿ ಡ್ರೈವ್‌ಗೆ ಸಾಗಿಸುವ ಸರಿಯಾದ ದಾರಿ ಹೀಗಿದೆ. ಡಿಯಲ್ಲಿ ಮೊದಲು ‘ಅಂಗಡಿ’ ಎಂದು ಒಂದು ಫೋಲ್ಡರ್ ಮಾಡಿ, ಅದರೊಳಗೆ ಡೆಸ್ಕ್‌ಟಾಪ್, ಡೌನ್‌ಲೋಡ್ಸ್, ಪಿಕ್ಚರ್ಸ್ ಎಂದು ಖಾಲಿ ಫೋಲ್ಡರ್‌ಗಳನ್ನು ಮಾಡಿ. ಆಮೇಲೆ ಎಕ್ಸ್‌ಪ್ಲೋರರ್‌ನಲ್ಲಿ ಡೌನ್‌ಲೋಡ್ಸ್ ಮೇಲೆ ಬಲ ಕ್ಲಿಕ್, ಪ್ರಾಪರ್ಟೀಸ್, ಲೊಕೇಶನ್, ಮೂವ್. ಡಿಯ ಆ ಹೊಸ ಫೋಲ್ಡರ್ ತೋರಿಸಿ. ಹಳೆಯ ಫೈಲುಗಳನ್ನೂ ಒಯ್ಯಬೇಕಾ ಎಂದು ಕೇಳುತ್ತದೆ, ‘ಯೆಸ್’ ಅನ್ನಿ. ಬರೀ ಡಿ ಡ್ರೈವನ್ನೇ ತೋರಿಸಬೇಡಿ, ಒಳಗಿನ ಫೋಲ್ಡರನ್ನೇ ತೋರಿಸಿ. ಡ್ರೈವ್‌ನ ಬುಡವನ್ನೇ ಡೌನ್‌ಲೋಡ್ಸ್ ಮಾಡಿಬಿಟ್ಟರೆ ಇಡೀ ಡಿ ಕಲಸುಮೇಲೋಗರ ಆಗುತ್ತದೆ, ಹಿಂದೆ ತರುವುದು ಕಷ್ಟ. ಒಂದೊಂದಾಗಿ ಹೀಗೆ ಬದಲಿಸಿದರೆ ನಿಮ್ಮ ಕೆಲಸದ ರೀತಿ ಏನೂ ಬದಲಾಗುವುದಿಲ್ಲ. ಡೆಸ್ಕ್‌ಟಾಪ್ ಮೇಲೆ ಅದೇ ಫೋಲ್ಡರ್‌ಗಳು ಕಾಣುತ್ತವೆ, ಇರುವುದು ಮಾತ್ರ ಡಿಯಲ್ಲಿ.

ಐಕಾನ್‌ಗಳ ಮೂಲೆಯಲ್ಲಿ ಮೋಡದ ಗುರುತು ಅಥವಾ ಹಸಿರು ಟಿಕ್ ಕಂಡರೆ ಒನ್‌ಡ್ರೈವ್ ಚಾಲೂ ಇದೆ ಎಂದು ಅರ್ಥ. ಆಗ ಮೊದಲು ಒನ್‌ಡ್ರೈವ್ ಸೆಟ್ಟಿಂಗ್‌ಗೆ ಹೋಗಿ ಆ ಫೋಲ್ಡರ್‌ಗಳ ಬ್ಯಾಕಪ್ ನಿಲ್ಲಿಸಿ, ನಂತರ ಸಾಗಿಸಿ. ಅದರಲ್ಲಿ ಉಚಿತವಾಗಿ ಸಿಗುವುದು 5 ಜಿಬಿ ಮಾತ್ರ, ಡಿಟಿಪಿ ಅಂಗಡಿಗೆ ಅದು ಯಾವ ಮೂಲೆಗೆ? ಇನ್ನೊಂದು ಎಚ್ಚರ. ಒನ್‌ಡ್ರೈವ್ ಫೈಲಿನ ಮೇಲೆ ‘ಫ್ರೀ ಅಪ್ ಸ್ಪೇಸ್’ ಕೊಟ್ಟರೆ ಕಂಪ್ಯೂಟರಿನ ಪ್ರತಿ ಮಾತ್ರ ಹೋಗುತ್ತದೆ, ಆನ್‌ಲೈನ್ ಪ್ರತಿ ಉಳಿಯುತ್ತದೆ. ‘ಡಿಲೀಟ್’ ಕೊಟ್ಟರೆ ಎರಡೂ ಕಡೆಯಿಂದ ಹೋಗುತ್ತದೆ.

ಈಗ ಡೌನ್‌ಲೋಡ್ಸ್ ಒಳಗೆ ಏನಿದೆ ಎಂಬ ವಿಷಯಕ್ಕೆ ಬರುತ್ತೇನೆ. ಇಲ್ಲಿ ಜಾಗದ ಚಿಂತೆ ಚಿಕ್ಕದು, ಜವಾಬ್ದಾರಿ ದೊಡ್ಡದು. ಗಿರಾಕಿ ವಾಟ್ಸಾಪ್‌ನಲ್ಲಿ ಆಧಾರ್ ಕಳಿಸುತ್ತಾರೆ, ನೀವು ಡೌನ್‌ಲೋಡ್ ಮಾಡಿ ಪ್ರಿಂಟ್ ಕೊಡುತ್ತೀರಿ. ಅವರು ಹೋಗುತ್ತಾರೆ, ಫೈಲ್ ಉಳಿಯುತ್ತದೆ. ಜಾತಿ ಆದಾಯ ಪ್ರಮಾಣಪತ್ರ, ಮಾರ್ಕ್ಸ್ ಕಾರ್ಡ್, ಪಾಸ್‌ಬುಕ್, ಸಹಿ, ಫೋಟೋ, ಎಲ್ಲಾ ಹೀಗೇ ವರ್ಷಗಟ್ಟಲೆ ಕೂಡಿರುತ್ತವೆ. ‘ಮುಂದಿನ ವರ್ಷ ಅವರೇ ಬಂದಾಗ ಬೇಕಾಗುತ್ತದೆ’ ಎಂದು ಇಟ್ಟುಕೊಳ್ಳುವವರು ಇದ್ದಾರೆ. ಅದು ಒಳ್ಳೆಯ ಮನಸ್ಸಿನಿಂದಲೇ ಇರಬಹುದು, ಆದರೂ ಬೇಡ. ಮಷೀನ್ ರಿಪೇರಿಗೆ ಹೋದಾಗ, ಹುಡುಗನೊಬ್ಬ ಪೆನ್‌ಡ್ರೈವ್ ಹಾಕಿದಾಗ ಅದೆಲ್ಲ ಯಾರ ಕೈಗೆ ಹೋಗುತ್ತದೆ ಎಂದು ಹೇಳಲಾಗದು. ಸಾರ್ವಜನಿಕ ಕಂಪ್ಯೂಟರಿನಲ್ಲಿ ಇ-ಆಧಾರ್ ಇಳಿಸಿಕೊಂಡರೆ ಆ ಪ್ರತಿಯನ್ನು ಶಾಶ್ವತವಾಗಿ ಅಳಿಸಬೇಕು ಎಂದು ಆಧಾರ್ ಪ್ರಾಧಿಕಾರವೇ ಜನರಿಗೆ ಹೇಳುತ್ತದೆ. ಜನರ ವೈಯಕ್ತಿಕ ಮಾಹಿತಿಯ ರಕ್ಷಣೆಗೆ 2023ರಲ್ಲಿ ಕಾಯ್ದೆಯೂ ಬಂದಿದೆ.

ಹಾಗಾಗಿ ಗಿರಾಕಿ ಕಾಗದಪತ್ರಗಳಿಗೆ ಒಂದೇ ಫೋಲ್ಡರ್ ಇಡಿ. ಅರ್ಜಿ ಹೋಯಿತು, ಸ್ವೀಕೃತಿ ಪ್ರಿಂಟ್ ಕೊಟ್ಟಾಯಿತು ಅಂದರೆ ಅವರ ಫೈಲ್ ಅಳಿಸಿ. ಕೆಲವು ಅರ್ಜಿ ವಾಪಸ್ ಬರುತ್ತವೆ, ಅಂಥವನ್ನು ಬೇಕಾದರೆ ಒಂದು ತಿಂಗಳು ಇಡಿ. ದಿನಾ ಕೈಯಿಂದ ಮಾಡಲು ಆಗುವುದಿಲ್ಲ ಎಂದರೆ ಸ್ಟೋರೇಜ್ ಪುಟದಲ್ಲೇ ‘ಸ್ಟೋರೇಜ್ ಸೆನ್ಸ್’ ಇದೆ. ಡೌನ್‌ಲೋಡ್ಸ್ ಇನ್ನೂ ಸಿ ಡ್ರೈವ್‌ನಲ್ಲೇ ಇದ್ದರೆ, ಅದರಲ್ಲಿ 30 ದಿನ ತೆರೆಯದ ಫೈಲುಗಳನ್ನು ಅಳಿಸು ಎಂದು ಹೇಳಬಹುದು. ಸ್ಟೋರೇಜ್ ಸೆನ್ಸ್ ಕೆಲಸ ಮಾಡುವುದು ವಿಂಡೋಸ್ ಇರುವ ಡ್ರೈವ್‌ನಲ್ಲಿ ಮಾತ್ರ, ಡಿಗೆ ಸಾಗಿಸಿದ್ದರೆ ಕೈಯಿಂದಲೇ ಅಳಿಸಿ. ಆದರೆ ಅದನ್ನು ಚಾಲೂ ಮಾಡುವ ಮೊದಲು ಬೇಕಾದ ಡಿಸೈನ್, ಸಾಫ್ಟ್‌ವೇರ್ ಸೆಟಪ್, ಡ್ರೈವರ್ ಎಲ್ಲವನ್ನೂ ಅಲ್ಲಿಂದ ಎತ್ತಿ ಬೇರೆ ಕಡೆ ಇಡಿ. ಅದು ಯಾವುದು ಮುಖ್ಯ ಅಂತ ಕೇಳುತ್ತಾ ಕೂರುವುದಿಲ್ಲ.

ವಾಟ್ಸಾಪ್‌ನ ಡೆಸ್ಕ್‌ಟಾಪ್ ಆ್ಯಪ್ ಇದ್ದರೆ ಅದರ ಸೆಟ್ಟಿಂಗ್‌ನಲ್ಲಿ ಮೀಡಿಯಾ ಆಟೋ ಡೌನ್‌ಲೋಡ್ ಆಫ್ ಮಾಡಿ. ಇಲ್ಲದಿದ್ದರೆ ಬೀಗರ ಗ್ರೂಪಿನ ಗುಡ್ ಮಾರ್ನಿಂಗ್ ವಿಡಿಯೋಗಳೂ ಅಂಗಡಿಯ ಎಸ್‌ಎಸ್‌ಡಿಗೇ ಬಂದು ಬೀಳುತ್ತವೆ.

ಸ್ಕ್ಯಾನರ್ ಸೆಟ್ಟಿಂಗ್ ಕೂಡ ನೋಡಿ. ಎ4 ಹಾಳೆಯನ್ನು ಕಲರ್‌ನಲ್ಲಿ 600 ಡಿಪಿಐಗೆ ಸ್ಕ್ಯಾನ್ ಮಾಡಿ ಬಿಎಂಪಿ ಅಥವಾ ಕುಗ್ಗಿಸದ ಟಿಫ್ ಆಗಿ ಉಳಿಸಿದರೆ ಒಂದೇ ಹಾಳೆ ಸುಮಾರು 100 ಎಂಬಿ. 200 ಡಿಪಿಐಗೆ ಇಳಿಸಿ ಜೆಪೆಗ್ ಅಥವಾ ಪಿಡಿಎಫ್ ಮಾಡಿದರೆ ಒಂದು ಎಂಬಿಯ ಆಸುಪಾಸಿನಲ್ಲಿ ನಿಲ್ಲುತ್ತದೆ. ಹೇಗಿದ್ದರೂ ಆನ್‌ಲೈನ್ ಅರ್ಜಿಗಳು ಕೇಳುವುದು ಕೆಲವು ನೂರು ಕೆಬಿಯ ಫೈಲ್. ದೊಡ್ಡದು ಮಾಡಿ ಆಮೇಲೆ ಕುಗ್ಗಿಸುವ ಎರಡು ಕೆಲಸ ಯಾಕೆ?

ಅಳಿಸಿದ ಮೇಲೂ ಜಾಗ ಬರಲಿಲ್ಲ ಎಂದು ಗಾಬರಿ ಆಗುವವರು ಇದ್ದಾರೆ. ಡಿಲೀಟ್ ಕೊಟ್ಟ ಫೈಲ್ ಹೋಗುವುದು ರೀಸೈಕಲ್ ಬಿನ್‌ಗೆ, ಅದೂ ಅದೇ ಡ್ರೈವ್‌ನಲ್ಲೇ ಇದೆ. ಪಡಸಾಲೆಯ ಜೋಳದ ಚೀಲವನ್ನು ಒಳಕೋಣೆಗೆ ಒಯ್ದು ಇಟ್ಟ ಹಾಗೆ, ಮನೆ ಖಾಲಿ ಆಗಿರುವುದಿಲ್ಲ. ಬಿನ್ ಖಾಲಿ ಮಾಡಿದಾಗಲೇ ಜಾಗ ಬರುತ್ತದೆ. ಖಾಲಿ ಮಾಡುವ ಮೊದಲು ಒಳಗೆ ಕಣ್ಣು ಹಾಯಿಸಿ, ಏಕೆಂದರೆ ಆಮೇಲೆ ಹಿಂದಿರುಗುವ ದಾರಿ ಕಷ್ಟ. ಹಾರ್ಡ್ ಡಿಸ್ಕ್‌ನಿಂದ ಅಳಿಸಿದ್ದನ್ನು ರಿಕವರಿ ಸಾಫ್ಟ್‌ವೇರ್ ಹಾಕಿ ಎಷ್ಟೋ ಸಲ ಹಿಂದೆ ತರಬಹುದು. ಎಸ್‌ಎಸ್‌ಡಿಯಲ್ಲಿ ಆ ಆಸೆ ಇಡಬೇಡಿ. ಅಳಿಸಿದ ಜಾಗ ಯಾವುದು ಎಂದು ವಿಂಡೋಸ್ ‘ಟ್ರಿಮ್’ ಎಂಬ ಆಜ್ಞೆಯಿಂದ ಎಸ್‌ಎಸ್‌ಡಿಗೆ ತಿಳಿಸುತ್ತದೆ, ಎಸ್‌ಎಸ್‌ಡಿ ಅದನ್ನು ನಿಜವಾಗಿಯೂ ಒರೆಸಿಬಿಡುತ್ತದೆ.

ಇಷ್ಟು ಆದ ಮೇಲೆ ವಿಂಡೋಸ್‌ನ ಸ್ವಂತ ಕಸ. ಸ್ಟೋರೇಜ್ ಪುಟದ ‘ಟೆಂಪರರಿ ಫೈಲ್ಸ್’ ಒಳಗೆ ಹೋಗಿ. ವಿಂಡೋಸ್ ಅಪ್‌ಡೇಟ್ ಕ್ಲೀನಪ್, ಡೆಲಿವರಿ ಆಪ್ಟಿಮೈಸೇಶನ್, ಟೆಂಪರರಿ ಫೈಲ್ಸ್, ಮೆಮೊರಿ ಡಂಪ್ ಇವಕ್ಕೆ ಟಿಕ್ ಹಾಕಿ ತೆಗೆಯಿರಿ. ಅದೇ ಪಟ್ಟಿಯಲ್ಲಿ ‘ಡೌನ್‌ಲೋಡ್ಸ್’ ಎಂದೂ ಒಂದು ಸಾಲು ಇರುತ್ತದೆ. ಕೈ ಜಾರಿ ಅದಕ್ಕೂ ಟಿಕ್ ಬಿದ್ದರೆ ಗಿರಾಕಿ ಕಾಯುತ್ತಿರುವ ಫೈಲೂ ಹೋಗುತ್ತದೆ. ‘ಪ್ರೀವಿಯಸ್ ವಿಂಡೋಸ್ ಇನ್‌ಸ್ಟಲೇಶನ್’ ಎಂದು ಇದ್ದರೆ ಅದು ಹಳೆಯ ವಿಂಡೋಸ್‌ನ ಪ್ರತಿ. ಹಿಂದಕ್ಕೆ ಹೋಗುವ ಯೋಚನೆ ಇಲ್ಲದಿದ್ದರೆ ತೆಗೆಯಿರಿ. ಅಪ್‌ಗ್ರೇಡ್ ಆಗಿ ಹತ್ತು ದಿನ ಕಳೆದರೆ ಸಾಮಾನ್ಯವಾಗಿ ಅದು ತಾನೇ ಹೋಗಿರುತ್ತದೆ.

ಹೈಬರ್ನೇಶನ್ ಫೈಲ್ ಒಂದು ಇರುತ್ತದೆ, ಮಷೀನ್ ಆಫ್ ಆಗುವಾಗ ತೆರೆದ ಕೆಲಸವನ್ನು ವಿಂಡೋಸ್ ಬರೆದಿಡುವುದು ಇದರಲ್ಲಿ. ಸಾಮಾನ್ಯವಾಗಿ ರ‍್ಯಾಮ್‌ನ ಶೇಕಡ 40ರಷ್ಟು, ಅಂದರೆ ನಿಮ್ಮಲ್ಲಿ 3 ಜಿಬಿ ಆಸುಪಾಸು. ಅಂಗಡಿಯ ಡೆಸ್ಕ್‌ಟಾಪ್‌ಗೆ ಇದು ಬೇಕಾಗಿಲ್ಲ. ತೆಗೆಯಲು ಕಮಾಂಡ್ ಪ್ರಾಂಪ್ಟನ್ನು ಅಡ್ಮಿನಿಸ್ಟ್ರೇಟರ್ ಆಗಿ ತೆರೆದು ಒಂದು ಸಾಲು ಟೈಪ್ ಮಾಡಬೇಕು. ಫೋನಿನಲ್ಲಿ ಹೇಳುವ ಹಾಗೆ ಹೇಳುತ್ತೇನೆ: ಪಿ ಒ ಡಬ್ಲ್ಯು ಇ ಆರ್ ಸಿ ಎಫ್ ಜಿ ಬಿಡದೆ ಒಟ್ಟಿಗೆ, ಒಂದು ಸ್ಪೇಸ್, ಮುಂದಕ್ಕೆ ವಾಲಿದ ಸ್ಲ್ಯಾಶ್ ಮತ್ತು ಎಚ್ ಒಟ್ಟಿಗೆ, ಒಂದು ಸ್ಪೇಸ್, ಆಮೇಲೆ ‘ಆಫ್’, ಎಂಟರ್. ಇದರಿಂದ ಫಾಸ್ಟ್ ಸ್ಟಾರ್ಟಪ್ ನಿಲ್ಲುತ್ತದೆ, ಬೆಳಿಗ್ಗೆ ಮಷೀನ್ ಕೆಲವು ಸೆಕೆಂಡ್ ತಡವಾಗಿ ಏಳಬಹುದು. ಎಸ್‌ಎಸ್‌ಡಿ ಇರುವುದರಿಂದ ನಿಮಗೆ ಗೊತ್ತಾಗುವುದೂ ಕಷ್ಟ. ಲ್ಯಾಪ್‌ಟಾಪ್ ಇರುವವರು ಮಾತ್ರ ಇದನ್ನು ಮಾಡಬೇಡಿ, ಬ್ಯಾಟರಿ ಮುಗಿಯುವ ಹೊತ್ತಿಗೆ ಕೆಲಸ ಉಳಿಸಲು ಅದೇ ಬೇಕು.

ಮುಟ್ಟಬಾರದ್ದು ಕೆಲವಿವೆ. ವಿಂಡೋಸ್ ಫೋಲ್ಡರ್ ಒಳಗೆ ವಿನ್‌ಎಸ್‌ಎಕ್ಸ್‌ಎಸ್ ಎಂಬುದು ಹತ್ತು ಜಿಬಿ ದಾಟಿ ಕಾಣುತ್ತದೆ. ಅದರಲ್ಲಿ ಎಷ್ಟೋ ಫೈಲು ಬೇರೆ ಕಡೆ ಇರುವವೇ, ಎರಡು ಕಡೆ ಹೆಸರಿದೆ ಅಷ್ಟೇ, ಹಾಗಾಗಿ ಇರುವುದಕ್ಕಿಂತ ದೊಡ್ಡದಾಗಿ ತೋರುತ್ತದೆ. ಕೈಯಿಂದ ಅಳಿಸಿದರೆ ವಿಂಡೋಸ್ ಏಳುವುದೇ ಇಲ್ಲ. ರ‍್ಯಾಮ್ ಸಾಲದಾಗ ವಿಂಡೋಸ್ ಬಳಸುವ ಪೇಜ್‌ಫೈಲ್ ಎಂಬ ಫೈಲನ್ನೂ ಬಿಟ್ಟುಬಿಡಿ, 8 ಜಿಬಿ ರ‍್ಯಾಮ್‌ನಲ್ಲಿ ಫೋಟೋಶಾಪ್ ಓಡಿಸುವ ನಿಮಗೆ ಅದು ಬೇಕೇ ಬೇಕು. ಪ್ರೋಗ್ರಾಂ ಫೈಲ್ಸ್ ಫೋಲ್ಡರನ್ನು ಕಟ್ ಮಾಡಿ ಡಿಗೆ ಪೇಸ್ಟ್ ಮಾಡುವ ಸಾಹಸವೂ ಬೇಡ. ಬೇಡದ ಸಾಫ್ಟ್‌ವೇರ್ ಇದ್ದರೆ ಸೆಟ್ಟಿಂಗ್ಸ್‌ನ ಆ್ಯಪ್ಸ್ ಪುಟದಿಂದ ಅನ್‌ಇನ್‌ಸ್ಟಾಲ್ ಮಾಡಿ. ಅಂಗಡಿ ಲೆಕ್ಕ ಟ್ಯಾಲಿಯಲ್ಲಿ ಬರೆಯುತ್ತಿದ್ದರೆ ಅದರ ಡೇಟಾ ಫೋಲ್ಡರ್ ಸಾಮಾನ್ಯವಾಗಿ ಸಿ ಡ್ರೈವ್‌ನಲ್ಲೇ ಇರುತ್ತದೆ. ಹೆಸರು ಅಂಕಿಯಲ್ಲಿರುವ ಆ ಫೋಲ್ಡರ್‌ಗಳನ್ನು ಕಸ ಅಂದುಕೊಂಡೀರಿ, ಹುಷಾರು.

ಡಿಗೆ ಸಾಗಿಸುವಾಗ ದೊಡ್ಡ ಫೋಲ್ಡರ್‌ಗಳನ್ನು ಕಟ್ ಮಾಡುವ ಬದಲು ಕಾಪಿ ಮಾಡಿ. ಮುಗಿದ ಮೇಲೆ ಎರಡೂ ಕಡೆ ಪ್ರಾಪರ್ಟೀಸ್ ನೋಡಿ, ಫೈಲುಗಳ ಸಂಖ್ಯೆ ಮತ್ತು ಬೈಟ್ ಲೆಕ್ಕ ಸರಿ ಹೊಂದಿದರೆ ಮಾತ್ರ ಹಳೆಯದನ್ನು ಅಳಿಸಿ. ಡೆಸ್ಕ್‌ಟಾಪ್, ಡೌನ್‌ಲೋಡ್ಸ್‌ನಂಥವು ಭಾರಿ ಇದ್ದರೆ ಒಳಗಿನದನ್ನು ಮೊದಲು ಹೀಗೆ ಸಾಗಿಸಿ, ಆಮೇಲೆ ಲೊಕೇಶನ್ ಬದಲಿಸಿ. ಯುಪಿಎಸ್ ಸರಿ ಇದೆಯಾ ನೋಡಿಕೊಂಡು, ಅಂಗಡಿ ಬಂದ್ ಇರುವ ದಿನ ಮಾಡಿದರೆ ಒಳ್ಳೆಯದು.

ಮತ್ತು ಡಿಗೆ ಸಾಗಿಸಿದರೆ ಬ್ಯಾಕಪ್ ಆಯಿತು ಅಂದುಕೊಳ್ಳಬೇಡಿ. ಮೊದಲು ಸಿಯಲ್ಲಿ ಒಂದೇ ಪ್ರತಿ ಇತ್ತು, ಈಗ ಡಿಯಲ್ಲಿ ಒಂದೇ ಪ್ರತಿ ಇದೆ. ಆ ಹಾರ್ಡ್ ಡಿಸ್ಕ್ ನಿಮ್ಮ ಎಸ್‌ಎಸ್‌ಡಿಗಿಂತ ಹಳೆಯದಿದ್ದರೆ ಇನ್ನೂ ಕಷ್ಟ, ಅದರಲ್ಲಿ ತಿರುಗುವ ಭಾಗಗಳಿವೆ, ಒಂದು ದಿನ ಕೈ ಕೊಡುತ್ತದೆ. ಡಿಸೈನ್ ಫೈಲುಗಳ ಇನ್ನೊಂದು ಪ್ರತಿ ಹೊರಗಿನ ಹಾರ್ಡ್ ಡಿಸ್ಕ್‌ನಲ್ಲಿ ಇರಲಿ. ಅದನ್ನು ದಿನಾ ಮಷೀನ್‌ಗೆ ಹಚ್ಚಿ ಇಡಬೇಡಿ. ವಾರಕ್ಕೊಮ್ಮೆ ಹಚ್ಚಿ, ಕಾಪಿ ಮಾಡಿ, ಮನೆಗೆ ಒಯ್ಯಿರಿ.

ಇಷ್ಟೆಲ್ಲ ಮಾಡಿದರೆ ನಿಮ್ಮ ಸಿ ಡ್ರೈವ್‌ನಲ್ಲಿ ವಿಂಡೋಸ್ ಮತ್ತು ಸಾಫ್ಟ್‌ವೇರ್ ಬಿಟ್ಟು ಬೇರೆ ಹೆಚ್ಚೇನೂ ಇರಬಾರದು. 20 ಜಿಬಿ ಆದರೂ ಸದಾ ಖಾಲಿ ಇರಲಿ. ವಿಂಡೋಸ್‌ನ ದೊಡ್ಡ ಅಪ್‌ಡೇಟ್‌ಗಳಿಗೆ ಜಾಗ ಬೇಕು, ಮತ್ತು ಎಸ್‌ಎಸ್‌ಡಿ ಕಂಠಮಟ್ಟ ತುಂಬಿದರೆ ಬರೆಯುವ ವೇಗ ಬೀಳುತ್ತದೆ. ಒಳಗಿನ ಡೇಟಾವನ್ನು ಸರಿಸಿ ಜೋಡಿಸಿಕೊಳ್ಳಲು ಅದಕ್ಕೆ ಕೈಯಾಡಿಸುವಷ್ಟು ಜಾಗ ಬೇಕಾಗುತ್ತದೆ. ಇನ್ನು ಎಸ್‌ಎಸ್‌ಡಿಯನ್ನು ಡಿಫ್ರ್ಯಾಗ್ ಮಾಡಿ, ಅಂದರೆ ಚದುರಿದ ಫೈಲ್ ತುಣುಕುಗಳನ್ನು ಒಂದೆಡೆ ಜೋಡಿಸಿ, ಎಂದು ಯಾರಾದರೂ ಹೇಳಿದರೆ ಕೇಳಬೇಡಿ, ಅದು ಹಳೆಯ ಹಾರ್ಡ್ ಡಿಸ್ಕ್ ಕಾಲದ ಮಾತು.

ಎಲ್ಲಾ ಮಾಡಿಯೂ 20 ಜಿಬಿ ಉಳಿಯದಿದ್ದರೆ 128 ನಿಮ್ಮ ಕೆಲಸಕ್ಕೆ ಸಾಲದು ಅಂತಲೇ ಲೆಕ್ಕ. ಆಗ 500 ಜಿಬಿಯ ಎಸ್‌ಎಸ್‌ಡಿ ಹಾಕಿಸಿ. ನಿಮ್ಮ ಮದರ್‌ಬೋರ್ಡ್‌ಗೆ ಹಿಡಿಸುವುದು ಸಾಟಾ ಮಾದರಿಯೋ ಎಂ.2 ಮಾದರಿಯೋ, ಎಂ.2 ಆದರೆ ಎನ್‌ವಿಎಂಇ ಎಂಬ ವೇಗದ ಬಗೆ ನಡೆಯುತ್ತದೋ ಇಲ್ಲವೋ ನೋಡಿಸಿ ಕೊಳ್ಳಿ. ಸಾಟಾ ಆದರೆ ಹೊಸದನ್ನು ಕೂಡಿಸಲು ಒಂದು ಡೇಟಾ ಕೇಬಲ್, ಒಂದು ಪವರ್ ಕೇಬಲ್ ಸಾಕು. ಎಂ.2 ಜಾಗ ಒಂದೇ ಇದ್ದರೆ ಹಳೆಯದನ್ನು ತೆಗೆಯಬೇಕಾಗುತ್ತದೆ. ರಿಪೇರಿ ಮಾಡುವವರಿಗೆ ‘ಫಾರ್ಮ್ಯಾಟ್ ಬೇಡ, ಕ್ಲೋನ್ ಮಾಡಿ’ ಎಂದು ಸ್ಪಷ್ಟವಾಗಿ ಹೇಳಿ. ಕ್ಲೋನ್ ಮಾಡಿದರೆ ವಿಂಡೋಸ್, ಸಾಫ್ಟ್‌ವೇರ್, ಫಾಂಟ್ ಎಲ್ಲಾ ಇದ್ದ ಹಾಗೇ ಹೊಸ ಡಿಸ್ಕ್‌ಗೆ ಬರುತ್ತವೆ. ಸಣ್ಣದರಿಂದ ದೊಡ್ಡದಕ್ಕೆ ಹೋಗುವಾಗ ಹೆಚ್ಚುವರಿ ಜಾಗ ಸಿ ಡ್ರೈವ್‌ಗೆ ಸೇರಿದೆಯೇ ಎಂದು ಅಲ್ಲೇ ತೆರೆದು ನೋಡಿ, ಎಷ್ಟೋ ಸಲ ಅದು ಬೇರೆಯಾಗಿ ಉಳಿದುಬಿಟ್ಟಿರುತ್ತದೆ. ಹಳೆಯ 128 ಜಿಬಿ ಎಸ್‌ಎಸ್‌ಡಿಯನ್ನು ಅವರಲ್ಲೇ ಬಿಡಬೇಡಿ, ನೂರಿನ್ನೂರು ಕಡಿಮೆ ಮಾಡುತ್ತೇವೆ ಎಂದರೂ ಕೊಡಬೇಡಿ. ಅದರಲ್ಲಿ ನಿಮ್ಮ ಗಿರಾಕಿಗಳ ಕಾಗದ ಇವೆ. ಕೇಳಿ ವಾಪಸ್ ತನ್ನಿ, ಹೊಸದು ಒಂದು ತಿಂಗಳು ಸರಿಯಾಗಿ ಓಡಿದ ಮೇಲೆ ಪೂರ್ತಿ ಒರೆಸಿ ಬೇರೆ ಕೆಲಸಕ್ಕೆ ಬಳಸಿ.